ಮೊದಲು ಒಸಡು, ಅನಂತರ ತಂತಿ

ಮಾಲೂರು ತಾಲ್ಲೂಕಿನ ಮಾಸ್ತಿಯಿಂದ ಸೋದರಿಯೊಬ್ಬರು ಬರೆದಿದ್ದಾರೆ: ‘ನನಗೆ 34 ವರ್ಷ. ಕೆಳಗಿನ ಮುಂಭಾಗದ ಹಲ್ಲುಗಳು ತುಸು ಒತ್ತೊತ್ತಾಗಿದ್ದುದರಿಂದ ತಂತಿ ಹಾಕಿಸಿಕೊಂಡೆ. ಎರಡೇ ತಿಂಗಳಲ್ಲಿ ಒಸಡಿನಿಂದ ರಕ್ತ ಒಸರತೊಡಗಿದೆ. ಹೆದರಿ ಹಲ್ಲುಜ್ಜುವುದನ್ನೇ ಕಡಿಮೆ ಮಾಡಿದ್ದೇನೆ. ತಂತಿ ತೆಗೆಸಿಬಿಡಲೇ?’

ಸೋದರಿ, ತಂತಿಯ ವಿಷಯದಲ್ಲಿ ಅವಸರ ಬೇಡ. ಹಲ್ಲುಜ್ಜುವುದನ್ನು ಮಾತ್ರ ಇಂದೇ ಸರಿಯಾಗಿ ಆರಂಭಿಸಿರಿ. ರಕ್ತಕ್ಕೆ ಸಾಮಾನ್ಯವಾಗಿ ಕಾರಣ ತಂತಿಯಲ್ಲ, ಅದರ ಸುತ್ತ ನಿಲ್ಲುವ ದಂತಪಾಚಿ. ಉಜ್ಜದಿದ್ದರೆ ಪಾಚಿ ಹೆಚ್ಚುತ್ತದೆ, ಒಸಡು ಇನ್ನಷ್ಟು ಊದಿಕೊಳ್ಳುತ್ತದೆ.

ತಂತಿಯು ಹಲ್ಲನ್ನು ಮೆಲ್ಲನೆ ಒತ್ತಿದಾಗ ಒಂದು ಬದಿಯ ಎಲುಬು ಕರಗಿ, ಇನ್ನೊಂದು ಬದಿಯಲ್ಲಿ ಹೊಸ ಎಲುಬು ಮೂಡುತ್ತದೆ. ಒಸಡಿನ ರೋಗ ಎಲುಬಿನವರೆಗೆ ಇಳಿದಿರುವಾಗಲೇ ಹಲ್ಲನ್ನು ಸರಿಸಿದರೆ, ಕರಗಿದ ಎಲುಬು ಮರಳಿ ತುಂಬದೆ ಹಲ್ಲು ಸಡಿಲವಾಗಬಹುದು. ಆದ್ದರಿಂದಲೇ ವಯಸ್ಕರಿಗೆ ತಂತಿ ಹಾಕುವ ಮುನ್ನ ಒಸಡಿನ ಸಂದಿಯ ಆಳವನ್ನು ಅಳೆದು, ಕ್ಷಕಿರಣ ಚಿತ್ರ ತೆಗೆದು, ಗಾರೆಯನ್ನು ಶುಚಿಗೊಳಿಸಬೇಕು. ಆರೋಗ್ಯವಂತ ಒಸಡಿನ ಸಂದಿ ಸುಮಾರು 3 ಮಿಲಿಮೀಟರ್ ಮೀರದು.

ಕೋಲಾರ ಜಿಲ್ಲೆಯವರಿಗೆ ಇನ್ನೊಂದು ಮಾತು. ಅಲ್ಲಿಯ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್, ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿದೆ. ಬಾಲ್ಯದಲ್ಲಿ ಅದನ್ನು ಕುಡಿದವರ ಹಲ್ಲಿನಲ್ಲಿ ಉಳಿಯುವ ಕಂದು ಕಲೆ ಕೊಳೆಯಲ್ಲ. ಇದ್ದಿಲು, ಇಟ್ಟಿಗೆಪುಡಿಗಳಿಂದ ತಿಕ್ಕಿದರೆ ಕಲೆ ಹೋಗದು, ಒಸಡು ಮಾತ್ರ ಗಾಯಗೊಂಡೀತು. ಹಾಗೆಂದು ಫ್ಲೋರೈಡ್ ಪೇಸ್ಟಿಗೆ ಅಂಜಬೇಕಿಲ್ಲ. ಬೆಳೆದ ಹಲ್ಲಿಗೆ ಅದರಿಂದ ಅಂಥ ಕಲೆ ಬಾರದು. ತಂತಿಯ ಸುತ್ತ ಹುಳುಕು ಹಿಡಿಯದಂತೆ ಅದು ಕಾಯುತ್ತದೆ.

ಮೃದುವಾದ ಬ್ರಷ್ಷನ್ನು ಒಸಡಿನ ಅಂಚಿಗೆ ಓರೆಯಾಗಿ ಹಿಡಿದು, ದಿನಕ್ಕೆ ಎರಡು ಬಾರಿಯಾದರೂ ಉಜ್ಜಿರಿ. ತಂತಿಯ ಅಡಿಯನ್ನು ಸಂದಿಯ ಕಿರುಬ್ರಷ್ಷಿನಿಂದ ಶುಚಿಮಾಡಿರಿ. ಊಟವಾದೊಡನೆ ಬಾಯಿ ಮುಕ್ಕಳಿಸಿರಿ. ನುಂಗುವ ರಾಗಿಮುದ್ದೆಯಿಂದ ತಂತಿಗೆ ಅಪಾಯವಿಲ್ಲ. ಕಬ್ಬು ಸೀಳುವುದು, ಕಡಲೆಕಾಯಿ ಮಿಠಾಯಿ ಕಡಿಯುವುದು ಬೇಡ. ಮಾವಿನ ಓಟೆಯನ್ನು ಚೀಪದೆ ಹಣ್ಣನ್ನು ಹೆಚ್ಚಿ ತಿನ್ನಿರಿ. ನಾರು ಸಂದಿಗೆ ಸಿಕ್ಕದು. ಹೊಗೆಸೊಪ್ಪು ಒಸಡಿನ ಶತ್ರು. ಮಧುಮೇಹವಿದ್ದರೆ ವೈದ್ಯರಿಗೆ ಮೊದಲೇ ತಿಳಿಸಿರಿ.

ಹೀಗೆ ಎರಡು ವಾರ ನಡೆದುಕೊಂಡರೂ ರಕ್ತ ನಿಲ್ಲದಿದ್ದರೆ, ಕೀವು ಕಂಡರೆ, ಹಲ್ಲು ಅಲುಗಾಡಿದರೆ ತಡಮಾಡದೆ ದಂತವೈದ್ಯರನ್ನು ಕಾಣಿರಿ. ಬೆಂಗಳೂರಿನ ಸರ್ಕಾರಿ ದಂತ ಮಹಾವಿದ್ಯಾಲಯದಲ್ಲಿ ಒಸಡಿನ ವಿಭಾಗವೂ ತಂತಿ ಚಿಕಿತ್ಸೆಯ ವಿಭಾಗವೂ ಒಂದೆಡೆಯೇ ಇವೆ. ಒಸಡು ಮಾಗುವವರೆಗೆ ತಂತಿಯನ್ನು ಬಿಗಿಗೊಳಿಸದೆ ಕಾಯೋಣವೆಂದು ವೈದ್ಯರು ಹೇಳಿದರೆ ಬೇಸರಿಸದಿರಿ. ಕೆಲವು ವಾರಗಳ ವಿಳಂಬದಿಂದ ನಷ್ಟವಿಲ್ಲ. ಕಳೆದುಕೊಂಡ ಎಲುಬನ್ನು ಮರಳಿ ಪಡೆಯುವುದು ಕಷ್ಟ.