ಜಂಟಿ ಲಾಠಿಗೆ ಜವಾಬು ಹೇಳುವವರು ಯಾರು?

ಅತ್ತಿಬೆಲೆ ದಾಟಿದರೆ ಹೊಸೂರು. ಬೊಮ್ಮಸಂದ್ರ, ಎಲೆಕ್ಟ್ರಾನಿಕ್ ಸಿಟಿಗಳಿಗೆ ಆ ಕಡೆಯಿಂದ ದಿನವೂ ಕೆಲಸಗಾರರು ಬರುತ್ತಾರೆ. ಈ ಕಡೆಯ ಸಣ್ಣ ವ್ಯಾಪಾರಿ ಸರಕಿಗೆಂದು ಅಲ್ಲಿಗೆ ಹೋಗುತ್ತಾನೆ. ದಾರಿಯಲ್ಲಿ ಅವನ ಸರಕು ಕಳುವಾಯಿತೆನ್ನಿ. ಈ ಠಾಣೆಯಲ್ಲಿ "ಅದು ನಮ್ಮ ಸರಹದ್ದಲ್ಲ" ಎನ್ನುತ್ತಾರೆ, ಆ ಠಾಣೆಯಲ್ಲಿ "ನಿಮ್ಮ ರಾಜ್ಯಕ್ಕೆ ಹೋಗಿ ಕೇಳಯ್ಯ" ಎನ್ನುತ್ತಾರೆ. ಕಳ್ಳತನದಂಥ ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಾದರೂ ದೂರು ಬರೆದುಕೊಳ್ಳತಕ್ಕದ್ದೆಂದು 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯೇ ಹೇಳುತ್ತದೆ. ಆದರೆ ಬಡವನ ಅರ್ಜಿಗೆ ಗಡಿಯೆಂಬುದು ಇಂದಿಗೂ ಗೋಡೆಯೇ.

ಸರ್ಕಾರಗಳಿಗೆ ಬೇಕಾದಾಗ ಮಾತ್ರ ಈ ಗೋಡೆ ಒಂದೇ ರಾತ್ರಿಯಲ್ಲಿ ಮಾಯವಾಗುತ್ತದೆ. ವೀರಪ್ಪನ್ ಬೇಟೆಯ ಕಾಲವನ್ನು ನೆನೆಯಿರಿ. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬು ಸಿಡಿದು 22 ಜನ ಸತ್ತರು. ಕಾಡಿನಲ್ಲಿ ಪ್ರಾಣ ಕೊಟ್ಟ ಪೇದೆಗಳೂ ಬಡವರ ಮಕ್ಕಳೇ. ಆ ದುಃಖವನ್ನು ಈ ಲೇಖನ ಲಘುವಾಗಿ ಕಾಣುವುದಿಲ್ಲ. ಅಲ್ಲಿಂದಾಚೆಗೆ ಕರ್ನಾಟಕ ಮತ್ತು ತಮಿಳುನಾಡಿನ ವಿಶೇಷ ಕಾರ್ಯಪಡೆಗಳು ಕೈಜೋಡಿಸಿ, 2004ರ ಅಕ್ಟೋಬರ್ 18ರಂದು ವೀರಪ್ಪನ್ ಹತನಾಗುವವರೆಗೆ, ಮಲೆ ಮಹದೇಶ್ವರ ಬೆಟ್ಟದಿಂದ ಸತ್ಯಮಂಗಲದವರೆಗಿನ ಕಾಡನ್ನು ಜಾಲಾಡಿದವು.

ಈ ಸಹಕಾರದ ಬೆಲೆ ತೆತ್ತವರು ಯಾರು? ಕಾಡಂಚಿನ ಕೂಲಿಗಳು, ದನಗಾಹಿಗಳು, ಸೋಲಿಗರು. ಟಾಡಾ ಕಾಯಿದೆಯಲ್ಲಿ ಹಿಡಿದು ಮೈಸೂರಿನ ಸೆರೆಮನೆಗೆ ತುಂಬಿದವರ ಪೈಕಿ ನೂರಕ್ಕೂ ಹೆಚ್ಚು ಜನರನ್ನು 2001ರಲ್ಲಿ ವಿಶೇಷ ನ್ಯಾಯಾಲಯವೇ ಬಿಡುಗಡೆ ಮಾಡಿತು; ಅಷ್ಟರಲ್ಲಿ ಹಲವರ ಎಂಟು ವರ್ಷ ಸೆರೆಯಲ್ಲೇ ಕಳೆದಿತ್ತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನ್ಯಾಯಮೂರ್ತಿ ಎ. ಜೆ. ಸದಾಶಿವ ಮತ್ತು ಸಿ. ವಿ. ನರಸಿಂಹನ್ ಅವರ ಸಮಿತಿ ನೇಮಿಸಿದಾಗ, ಹೆಂಗಸರೂ ಗಂಡಸರೂ ಬಂದು ಹೊಡೆತ, ವಿದ್ಯುತ್ ಶಾಕ್, ಮಾನಭಂಗಗಳ ಸಾಕ್ಷ್ಯ ನುಡಿದರು. ಬೆಟ್ಟದ ಮೇಲಿನ ಚಿತ್ರಹಿಂಸೆಯ ಜಾಗಕ್ಕೆ 'ವರ್ಕ್‌ಷಾಪ್' ಎಂದು ಹೆಸರಂತೆ! ಕಾರ್ಖಾನೆಯಲ್ಲಿ ದುಡಿಯುವ ನಮಗೆ ಆ ಪದ ಕೇಳಿದರೆ ಮೈ ಉರಿಯಬೇಕು. ವರದಿ ಬಂದದ್ದು 2003ರಲ್ಲಿ. 89 ಮಂದಿಗೆ 2 ಕೋಟಿ 80 ಲಕ್ಷ ರೂಪಾಯಿ ಮಧ್ಯಂತರ ಪರಿಹಾರವೆಂದು ಆಯೋಗ ಹೇಳಿದ್ದು 2007ರಲ್ಲಿ. ತಲೆಗೆ ಮೂರು ಲಕ್ಷ ಚಿಲ್ಲರೆ. ಅದೂ ಬೊಕ್ಕಸದ್ದು, ಅಂದರೆ ನಿಮ್ಮ ತೆರಿಗೆಯದು.

ಹೊಡೆದವನು ಈ ರಾಜ್ಯದವನೋ ಆ ರಾಜ್ಯದವನೋ ಎಂದು ಕಣ್ಣು ಕಟ್ಟಿಸಿಕೊಂಡು ಬಿದ್ದವನು ಹೇಗೆ ಹೇಳಬೇಕು? ಜಂಟಿ ಪಡೆಯ ಗುಟ್ಟೇ ಇದು. ಅಧಿಕಾರ ಇಬ್ಬರದು, ಹೊಣೆ ಯಾರದೂ ಅಲ್ಲ.

ಒಬ್ಬರ ನೆಲದಲ್ಲಿ ಇನ್ನೊಬ್ಬರ ಪೋಲೀಸು ದುಡಿಯುವುದು ಲೋಕದಲ್ಲಿ ಹೊಸದಲ್ಲ. ಪೆಸಿಫಿಕ್ ಸಾಗರದಲ್ಲಿ ಸಾಲೊಮನ್ ದ್ವೀಪಗಳೆಂಬ ಪುಟ್ಟ ದೇಶವಿದೆ. ಒಳಜಗಳದಿಂದ ಅಲ್ಲಿನ ಆಡಳಿತ ಕುಸಿದಾಗ, 2003ರಲ್ಲಿ ನೆರೆಯ ಆಸ್ಟ್ರೇಲಿಯದ ಮುಂದಾಳುತನದಲ್ಲಿ ಹಲವು ದೇಶಗಳ ಪೋಲೀಸರು ಬಂದು, 2017ರವರೆಗೆ ಉಳಿದರು. ಬಂದವರೆಲ್ಲ ಧರ್ಮರಾಯರೆಂದಲ್ಲ, ಅವರಿಗೆ ಅಲ್ಲಿನ ಕೋರ್ಟುಗಳಿಂದ ಬಹುಮಟ್ಟಿನ ರಕ್ಷಣೆಯನ್ನೂ ಕೊಡಲಾಗಿತ್ತು. ಆದರೆ ಅವರನ್ನು ಕರೆಸಿಕೊಂಡದ್ದು ಪಾರ್ಲಿಮೆಂಟು ಮಾಡಿದ ಕಾನೂನಿನಿಂದ, ಮತ್ತು ವರ್ಷಕ್ಕೊಮ್ಮೆ ಪಾರ್ಲಿಮೆಂಟು ಅದನ್ನು ಮರುಪರಿಶೀಲಿಸಬೇಕೆಂಬ ಕಟ್ಟಳೆ ಅದರಲ್ಲೇ ಇತ್ತು. ಸುಮಾರು ಐದು ಲಕ್ಷ ಜನರ ದೇಶ ಇಷ್ಟನ್ನು ಕೇಳಿತು. ಕೋಟಿಗಟ್ಟಲೆ ಜನರ ಎರಡು ರಾಜ್ಯಗಳಾದ ನಾವು ಕೇಳಬಾರದೇ?

ಸುಪ್ರೀಂ ಕೋರ್ಟು 2006ರ ಪ್ರಕಾಶ್ ಸಿಂಗ್ ತೀರ್ಪಿನಲ್ಲಿ ರಾಜ್ಯಕ್ಕೊಂದು ಪೋಲೀಸ್ ದೂರು ಪ್ರಾಧಿಕಾರ ಬೇಕೆಂದಿತು. ಒಳ್ಳೆಯದೇ. ಆದರೆ ಬೆಂಗಳೂರಿನ ಪ್ರಾಧಿಕಾರಕ್ಕೆ ತಮಿಳುನಾಡಿನ ಇನ್‌ಸ್ಪೆಕ್ಟರನ್ನು ಕರೆಸಿ ಕೇಳುವ ಅಧಿಕಾರವಿಲ್ಲ. ಆದ್ದರಿಂದ ಮುಂದೆ ಇಂಥ ಜಂಟಿ ಪಡೆ ಕಟ್ಟುವುದಾದರೆ ಎರಡೂ ಶಾಸನಸಭೆಗಳು ಮೊದಲೇ ಒಪ್ಪಿಗೆ ಕೊಡಬೇಕು. ಅವಧಿ ಒಂದು ವರ್ಷ ಮೀರಬಾರದು, ಮುಂದುವರಿಸುವುದಿದ್ದರೆ ಮತ್ತೆ ಸಭೆಯ ಮುಂದೆ ಬರಲಿ. ಎರಡೂ ಕಡೆಯ ಪೋಲೀಸರನ್ನು ಪ್ರಶ್ನಿಸಬಲ್ಲ ಒಂದೇ ದೂರು ಕಚೇರಿ ಗಡಿಯಲ್ಲೇ ಇರಲಿ, ಅಲ್ಲಿ ಕನ್ನಡದಲ್ಲೂ ತಮಿಳಿನಲ್ಲೂ ಅರ್ಜಿ ಬರೆದುಕೊಳ್ಳುವ ಗುಮಾಸ್ತನಿರಲಿ. ಆನೇಕಲ್ ತಾಲ್ಲೂಕಿನ ಕಾರ್ಮಿಕ ಸಂಘಗಳೂ ವರ್ತಕರ ಸಂಘಗಳೂ ಈ ಬೇಡಿಕೆಯನ್ನು ತಮ್ಮ ಮುಂದಿನ ಸಭೆಯ ನಿರ್ಣಯಗಳಲ್ಲಿ ಸೇರಿಸಿ ಶಾಸಕರಿಗೆ ಕಳುಹಿಸಬೇಕು.