ಮನುಷ್ಯನ ವ್ಯಸನ, ಕಪಿಯ ಬಂಧನ

ನಾಲ್ಕನೆಯ ತೀರ್ಥಂಕರರಾದ ಅಭಿನಂದನನಾಥರ ಲಾಂಛನ ಕಪಿ. ಬಸದಿಯಲ್ಲಿ ಜಿನಬಿಂಬದ ಪೀಠದ ಮೇಲೆ ಕಾಣುವ ಆ ಜೀವಿ ಅಮೆರಿಕದ ಪ್ರಯೋಗಾಲಯಗಳಲ್ಲಿ ಪಂಜರದೊಳಗಿದೆ. ಅಲ್ಲಿ ರೀಸಸ್ ಕೋತಿಗಳಿಗೆ ಎಚ್‌ಐವಿಯ ಸಂಬಂಧಿಯಾದ ಎಸ್‌ಐವಿ ಸೋಂಕನ್ನು ತಗುಲಿಸಿ, ಮೆಥಾಂಫೆಟಮೈನ್ ಎಂಬ ಉತ್ತೇಜಕ ಮಾದಕವನ್ನು ನೀಡಿ ಪರೀಕ್ಷಿಸಲಾಗಿದೆ. 2010ರಲ್ಲಿ ಪ್ರಕಟವಾದ ಇಂತಹ ಒಂದು ಅಧ್ಯಯನದಲ್ಲಿ, ಮಾದಕ ಪಡೆದ ಕೋತಿಗಳ ಮೆದುಳಿನಲ್ಲಿ ವೈರಾಣುವಿನ ಪ್ರಮಾಣ ಹೆಚ್ಚಿರುವುದು ಕಂಡುಬಂದಿತು.

ವಿಜ್ಞಾನಿಗಳ ವಾದ ಹಗುರವಾದುದಲ್ಲ. ವ್ಯಸನಿಯ ದೇಹದಲ್ಲಿ ಮದ್ಯ, ತಂಬಾಕು, ಅಪೌಷ್ಟಿಕತೆ, ತಪ್ಪಿದ ಔಷಧಗಳ ಪರಿಣಾಮ ಬೆರೆತಿರುತ್ತದೆ. ಮಾದಕದ ಕೇಡನ್ನು ಮಾತ್ರ ಬೇರ್ಪಡಿಸಿ ನೋಡುವುದು ಕಷ್ಟ. ಇಂದು ಅಸಂಖ್ಯ ಸೋಂಕಿತರು ಸೇವಿಸುವ ಟೆನೊಫೊವಿರ್ ಔಷಧದ ರಕ್ಷಣಾಶಕ್ತಿಯೂ 1995ರಲ್ಲಿ ಕೋತಿಗಳಲ್ಲಿಯೇ ಸಿದ್ಧಪಟ್ಟಿತು.

ಆದರೂ ಶ್ರಾವಕಧರ್ಮದ ಪ್ರಶ್ನೆ ಉಳಿಯುತ್ತದೆ. ಗೃಹಕೃತ್ಯ, ಜೀವನೋಪಾಯ, ಆತ್ಮರಕ್ಷಣೆಗಳಲ್ಲಿ ಘಟಿಸುವ ಆರಂಭಿ, ಉದ್ಯೋಗಿ, ವಿರೋಧಿ ಹಿಂಸೆಗಳು ಗೃಹಸ್ಥನಿಗೆ ಪೂರ್ಣವಾಗಿ ತಪ್ಪಿದ್ದಲ್ಲ. ಆದರೆ ಆರೋಗ್ಯವಂತ ಸಂಜ್ಞಿ ಪಂಚೇಂದ್ರಿಯ ಜೀವಿಗೆ ತಿಳಿದೂ ತಿಳಿದು ರೋಗ ಬರಿಸುವುದು ಸಂಕಲ್ಪಿ ಹಿಂಸೆಗೆ ತೀರ ಸಮೀಪದ್ದು. ಬಂಧನವು ಅಹಿಂಸಾಣುವ್ರತದ ಅತಿಚಾರಗಳಲ್ಲಿ ಮೊದಲನೆಯದು. ಮದ್ಯಪಾನ ಸಪ್ತವ್ಯಸನಗಳಲ್ಲಿ ಒಂದು. ಅಮಲಿನ ವ್ಯಸನ ಮನುಷ್ಯನದು, ಕೋತಿಯದಲ್ಲ.

ಹಾಗೆಂದು ವಿಜ್ಞಾನಿಯೊಬ್ಬನನ್ನೇ ದೂಷಿಸಿ ಭಕ್ತನು ಶುದ್ಧನಾಗಲಾರ. ಕರ್ಮಬಂಧಕ್ಕೆ ಕೃತ, ಕಾರಿತ, ಅನುಮೋದನ ಎಂಬ ಮೂರು ದ್ವಾರಗಳಿವೆ. ಔಷಧ ಸೇವಿಸುವ ರೋಗಿಯು ಪಾಪಿಯಲ್ಲ, ಆದರೆ ಋಣಿ. ಆ ಋಣವನ್ನು ತೀರಿಸುವ ದಾರಿಗಳೂ ಇವೆ. ರೀಸಸ್ ಕೋತಿಗಳ ರಫ್ತನ್ನು ಭಾರತವು 1978ರಲ್ಲಿ ನಿಷೇಧಿಸಿತು. ಪ್ರಾಣಿಗಳ ಬದಲಿಗೆ ಅನ್ಯ ವಿಧಾನ, ಪ್ರಾಣಿಗಳ ಸಂಖ್ಯೆಯಲ್ಲಿ ಕಡಿತ, ನೋವಿನ ಉಪಶಮನ ಎಂಬ ತ್ರಿಸೂತ್ರವನ್ನು ರಸೆಲ್ ಮತ್ತು ಬರ್ಚ್ 1959ರಲ್ಲೇ ಮುಂದಿಟ್ಟರು. ಜೀವಕೋಶಗಳ ಕೃಷಿ, ರೋಗಿಗಳು ಸ್ವಇಚ್ಛೆಯಿಂದ ನೀಡುವ ರಕ್ತದ ಮಾದರಿಗಳ ಅಧ್ಯಯನಕ್ಕೆ ಜೈನ ದಾನಿಗಳ ಧನ ಸಲ್ಲಬೇಕು.

ಎಲ್ಲಕ್ಕಿಂತ ಮಿಗಿಲಾಗಿ, ಮಾದಕವು ಸೋಂಕಿತನಿಗೆ ಕೇಡೆಂಬುದು ಈಗಾಗಲೇ ತಿಳಿದ ಸತ್ಯ. ವ್ಯಸನಿಗೆ ಬೇಕಾದುದು ತಿರಸ್ಕಾರವಲ್ಲ. ವ್ಯಸನಮುಕ್ತಿಯ ಚಿಕಿತ್ಸೆ, ತಪ್ಪದ ಔಷಧ, ಕೈಹಿಡಿಯುವ ಕುಟುಂಬ. ತಿಳಿದುದನ್ನು ಆಚರಣೆಗೆ ತಾರದೆ ಮತ್ತೊಂದು ಪಂಜರ ಕಟ್ಟುವುದು ಪ್ರಮಾದ. ಪ್ರಮಾದವೇ ಹಿಂಸೆಯ ಮೂಲವೆಂದು ತತ್ತ್ವಾರ್ಥಸೂತ್ರ ಬೋಧಿಸುತ್ತದೆ. ಒಬ್ಬ ವ್ಯಸನಿಯನ್ನು ಕರುಣೆಯಿಂದ ಮರಳಿ ಕರೆತರುವವನು ಕಾಣದ ಒಂದು ಪಂಜರದ ಅಗತ್ಯವನ್ನೂ ಕಡಿಮೆ ಮಾಡುತ್ತಾನೆ.