ಬಾಣಕ್ಕೂ ಒಂದು ಮಾತು ಬೇಕು

ಭಾಷೆಯನ್ನು ಪಾಠ ಹೇಳುವವನಿಗೆ ಗುರುತುಗಳ ವಿಷಯದಲ್ಲಿ ಕುತೂಹಲ ಸಹಜ. ಅಕ್ಷರವೂ ಒಂದು ಗುರುತೇ ತಾನೆ? ಇಂದು ನಮ್ಮ ಮೊಬೈಲುಗಳಲ್ಲಿ ಅಕ್ಷರದೊಡನೆ ಸ್ಪರ್ಧೆಗೆ ನಿಂತಿರುವ ಗುರುತೆಂದರೆ ಬಾಣ. ಎಡಕ್ಕೆ ತಿರುಗಿದ್ದರೆ ಹಿಂದಿನ ಪುಟ, ಬಲಕ್ಕೆ ತಿರುಗಿದ್ದರೆ ಮುಂದಿನದು, ಕೆಳಮುಖವಾದರೆ ಇಳಿಸಿಕೊಳ್ಳುವುದು, ಸುತ್ತಿಬಂದರೆ ಪುಟವನ್ನು ಹೊಸದಾಗಿಸುವುದು. ಒಂದೊಂದು ಆ್ಯಪಿನವರೂ ಈ ಬಾಣಗಳನ್ನು ತಮತಮಗೆ ತೋಚಿದಂತೆ ಬರೆಯತೊಡಗಿದ್ದಾರೆ. ಬರೆಯಲಿ, ಆದರೆ ಬರೆಯುವ ಕೈಗೆ ಒಂದು ವಿವೇಕ ಬೇಡವೆ?

ಹೋದ ವರ್ಷ ನನ್ನ ವಿದ್ಯಾರ್ಥಿನಿಯೊಬ್ಬಳು ವಿದ್ಯಾರ್ಥಿವೇತನದ ಅರ್ಜಿಯನ್ನು ಮೊಬೈಲಿನಲ್ಲಿ ತುಂಬುತ್ತಿದ್ದಳು. ಕಡೆಯ ಪುಟದಲ್ಲಿ ಎಡಕ್ಕೆ ಬಾಗಿದ ಬಾಣವೊಂದಿತ್ತು. ಹಿಂದಿನ ಪುಟವನ್ನೊಮ್ಮೆ ನೋಡಿಬರೋಣವೆಂದು ಅದನ್ನು ಒತ್ತಿದಳು. ತುಂಬಿದ್ದೆಲ್ಲವೂ ಅಳಿಸಿಹೋಯಿತು. 'ಮೊದಲಿನಿಂದ ತೊಡಗು' ಎಂಬುದು ಆ ಬಾಣದ ಅರ್ಥವಂತೆ! ಅಂದೇ ಕಡೆಯ ದಿನ. ಮತ್ತೆ ತುಂಬುವಷ್ಟರಲ್ಲಿ ಗಡುವು ಮೀರಿತ್ತು. "ಬಾಣ ಎಡಕ್ಕೇ ಇತ್ತಲ್ಲ, ಸಾರ್?" ಎಂದು ಅವಳು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ನಮ್ಮ ಆಲಂಕಾರಿಕರು ಶಬ್ದಕ್ಕೆ ಅಭಿಧೆ, ಲಕ್ಷಣೆ, ವ್ಯಂಜನೆಗಳೆಂಬ ಮೂರು ಶಕ್ತಿಗಳನ್ನು ಹೇಳಿದರು. ಬಾಣದ ಗುರುತು ನೇರವಾಗಿ ಹೇಳುವುದು ದಿಕ್ಕನ್ನು ಮಾತ್ರ. 'ಹಿಂದಿನ ಪುಟ' ಎಂಬ ಅರ್ಥ ಅದರಿಂದ ಹೊರಡುವುದು ಲಕ್ಷಣೆಯಿಂದ, ಅದೂ ರೂಢಿಯ ಬಲದಿಂದ. ರೂಢಿಯನ್ನು ಮೀರುವ ಸ್ವಾತಂತ್ರ್ಯ ಕವಿಗೆ ಉಂಟು. ಅರ್ಜಿಯ ನಮೂನೆಯನ್ನು ರಚಿಸುವವನಿಗೆ ಇಲ್ಲ.

2007ರಲ್ಲಿ ಬಂದ ಮೊದಲ ಐಫೋನಿನಲ್ಲಿ ಹಿಂದಿರುಗುವ ಗುಂಡಿಯೇ ಬಾಣದ ಆಕಾರದಲ್ಲಿತ್ತು. ಎಡಕ್ಕೆ ಮೂತಿ ಚಾಚಿದ ಪಂಚಕೋನ. ಅದರ ಒಡಲಿನಲ್ಲಿ ಸೇರಬೇಕಾದ ಪುಟದ ಹೆಸರು. 2013ರ ಐಓಎಸ್ 7ರಲ್ಲಿ ಆ ಹೊರರೇಖೆ ಅಳಿದು, ಕೊಕ್ಕಿನಂಥ ಗುರುತೂ ಅದರ ಪಕ್ಕದ ಹೆಸರೂ ಉಳಿದವು. ಈಗ ಎಷ್ಟೋ ಆ್ಯಪುಗಳಲ್ಲಿ ಆ ಹೆಸರೂ ಇಲ್ಲ. ಚೆಲುವಿನ ಹೆಸರಿನಲ್ಲಿ ನಾವು ಕಳೆದುಕೊಂಡದ್ದು ಮಾತನ್ನು.

ಬಾಣದ ಗುಂಡಿಯನ್ನು ಬರೆಯುವುದು ಬ್ರಹ್ಮವಿದ್ಯೆಯೇನಲ್ಲ. ಐದು ಬಿಂದುಗಳನ್ನು ರೇಖೆಯಿಂದ ಕೂಡಿಸಿದರೆ ಆಯಿತು. ಸಿದ್ಧಚಿತ್ರವನ್ನು ಹಾಗೆಯೇ ಹಿಗ್ಗಿಸಿದರೆ ಮೂತಿಯೂ ಎಳೆದುಕೊಂಡು ವಿಕಾರವಾಗುತ್ತದೆ. ರೇಖೆಯಾಗಿ ಬರೆದರೆ ಮೂತಿಯನ್ನು ಇದ್ದಂತೆಯೇ ಉಳಿಸಿ ಒಡಲನ್ನಷ್ಟೇ ಬೆಳೆಸಬಹುದು. ಈ ಸೌಕರ್ಯ ಕನ್ನಡಕ್ಕಂತೂ ಅತ್ಯಗತ್ಯ. ಇಂಗ್ಲಿಷಿನ 'ಬ್ಯಾಕ್' ಎಂಬ ಪದಕ್ಕೆ ಅಳೆದು ಹೊಲಿದ ಅಂಗಿಯಲ್ಲಿ ನಮ್ಮ 'ಹಿಂದಕ್ಕೆ' ಹಿಡಿಯುವುದಿಲ್ಲ. ಹಿಡಿದರೂ ಕಕಾರದ ಒತ್ತು ಕೆಳಅಂಚಿನಲ್ಲಿ ಕತ್ತರಿಸಿಹೋಗುತ್ತದೆ. ಒತ್ತಲೆಂದೇ ಇರುವ ಗುಂಡಿಯಲ್ಲಿ ಒತ್ತಿಗೇ ಜಾಗವಿಲ್ಲ! ಕಡೆಗೆ ಗುಂಡಿಯನ್ನು ಹಿಗ್ಗಿಸುವ ಬದಲು ಕನ್ನಡವನ್ನೇ ಕೈಬಿಡುತ್ತಾರೆ.

'ಬಾಣಕ್ಕೆ ಭಾಷೆಯಿಲ್ಲ, ಓದು ಬಾರದವರಿಗೂ ಅದು ತಿಳಿಯುತ್ತದೆ' ಎಂಬ ವಾದವುಂಟು. ಅದರಲ್ಲಿ ಸತ್ಯಾಂಶವಿಲ್ಲದಿಲ್ಲ, ಚಿತ್ರವನ್ನು ತೆಗೆದುಹಾಕಿರೆಂದು ನಾನು ಹೇಳುತ್ತಲೂ ಇಲ್ಲ. ಆದರೆ ಬಾಣಕ್ಕೂ ಭಾಷೆಯಿದೆ. ಬಲದಿಂದ ಎಡಕ್ಕೆ ಓದುವ ಉರ್ದುವಿನಲ್ಲಿ ಹಿಂದಿರುಗುವ ಬಾಣ ಬಲಕ್ಕೆ ತಿರುಗಬೇಕು. ಕನ್ನಡ, ಉರ್ದು ಎರಡನ್ನೂ ಓದುವ ಜನರಿರುವ ನಮ್ಮ ನಾಡಿಗೆ ಇದು ದೂರದ ಸಂಗತಿಯಲ್ಲ. ಇನ್ನು ಕಣ್ಣು ಕಾಣದವರಿಗೆ ಮೊಬೈಲು ಪರದೆಯನ್ನು ಓದಿಹೇಳುತ್ತದೆ. ಬರೆದವನು ಬಾಣಕ್ಕೆ ಹೆಸರಿಟ್ಟಿರದಿದ್ದರೆ ಅದು 'ಬಟನ್' ಎಂದಷ್ಟೇ ನುಡಿದು ಸುಮ್ಮನಾಗುವುದುಂಟು. ಯಾವ ಬಟನ್? ಕೇಳುವವರ ಗತಿಯೇನು?

ಆದುದರಿಂದ ಬಾಣ ಬರೆಯುವ ತರುಣರಲ್ಲಿ, ಅವರಲ್ಲಿ ನಮ್ಮ ಶಿಷ್ಯರೂ ಇದ್ದಾರೆ, ನನ್ನ ಬಿನ್ನಹ ಇಷ್ಟು. ರೂಢಿಯ ದಿಕ್ಕನ್ನು ಕೆಡಿಸಬೇಡಿ. ಬೆರಳಿಗೆ ಎಡೆಗೊಡಿ; ಆಪಲ್ 44 ಪಾಯಿಂಟ್, ಗೂಗಲ್ 48 ಡಿಪಿ ಎಂದು ಕನಿಷ್ಠ ಅಳತೆಯನ್ನು ಹೇಳಿಯೇ ಇವೆ. ಅಳಿಸುವ, ಕಳುಹಿಸುವ ಗುಂಡಿಗಳಲ್ಲಂತೂ ಬಾಣದ ಪಕ್ಕದಲ್ಲಿ ಒಂದು ಕನ್ನಡದ ಮಾತನ್ನಿಡಿ, ಅದರ ಒತ್ತು ಕತ್ತರಿಸಿಹೋಗದಂತೆ. 'ಅಳಿಸು' ಎಂಬ ಮೂರಕ್ಷರ ಅಂದು ಆ ಪುಟದಲ್ಲಿದ್ದಿದ್ದರೆ ಆ ಹುಡುಗಿಯ ಅರ್ಜಿ ಸಕಾಲದಲ್ಲಿ ಸೇರಬೇಕಾದಲ್ಲಿಗೆ ಸೇರುತ್ತಿತ್ತು.